2.85 ಹೇಗೆ 4.00 ಆಯಿತು: ಮಂಗಳೂರಿನ ಒಂದು ಗೃಹಸಾಲದ ಪ್ರಕರಣ

2024ರ ಜನವರಿ 8, ಸೋಮವಾರ. ರಾತ್ರಿ ಎಂಟೂವರೆ ಹೊತ್ತಿಗೆ ಪಕ್ಕದ ಫ್ಲ್ಯಾಟಿನ ತಂಗಿ ಮೊಬೈಲ್ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದಳು. ಆಸ್ಪತ್ರೆಯಲ್ಲಿ ನರ್ಸ್ ಅವಳು. ಡ್ಯೂಟಿಯ ಬಟ್ಟೆಯನ್ನೂ ಬದಲಿಸಿರಲಿಲ್ಲ.

“ಅಕ್ಕಾ, ಇದೆಂತದು ಒಮ್ಮೆ ನೋಡಿ. 454 ಕಂತು ಬಾಕಿ ಅಂತ ಉಂಟು. ಪ್ರಿಂಟ್ ತಪ್ಪಾಗಿರಬೇಕಲ್ವಾ?”

ಅದು ಅವಳ ಗೃಹಸಾಲದ ತ್ರೈಮಾಸಿಕ ಸ್ಟೇಟ್‌ಮೆಂಟ್. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಮೂರು ಕಂತಿನಲ್ಲಿ ಅವಳು ಕಟ್ಟಿದ್ದು 62,733 ರೂಪಾಯಿ. ಅದರಲ್ಲಿ ಬಡ್ಡಿಗೆ ಹೋದದ್ದು 61,552. ಅಸಲಿಗೆ ಹೋದದ್ದು 1,181. ಬಾಕಿ ಅಸಲು 23 ಲಕ್ಷ 44 ಸಾವಿರ. ಬಾಕಿ ಕಂತು 454.

ಪ್ರಿಂಟ್ ತಪ್ಪಾಗಿರಲಿಲ್ಲ. 454 ತಿಂಗಳು ಎಂದರೆ 37 ವರ್ಷ 10 ತಿಂಗಳು. ಅವಳಿಗೆ ಆಗ 44 ವರ್ಷ. ಸಾಲ ತೀರುವಾಗ 82. ಆ ಲೆಕ್ಕ ಬಾಯಲ್ಲಿ ಹೇಳುವ ಧೈರ್ಯ ನನಗೆ ಆ ರಾತ್ರಿ ಬರಲಿಲ್ಲ. “ನಾಳೆ ಎಲ್ಲಾ ಪೇಪರ್ ತಾ, ಕೂತು ನೋಡುವ” ಎಂದೆ ಅಷ್ಟೇ.

ನಾನು 33 ವರ್ಷ ಬ್ಯಾಂಕಿನಲ್ಲಿ ಕ್ಲರ್ಕ್ ಆಗಿ ದುಡಿದು ನಿವೃತ್ತಳಾದವಳು. ಈ ಸಾಲ ಕೊಟ್ಟದ್ದು ಬೇರೆ ಬ್ಯಾಂಕು. ಅದರ ಹೆಸರು ಇಲ್ಲಿ ಬೇಡ, ತಂಗಿಯ ಹೆಸರೂ ಬೇಡ. ನಡೆದದ್ದನ್ನು ಪೂರ್ತಿ ಬರೆಯುತ್ತಿರುವುದು ಇಂಥದ್ದು ಬೇರೆಯವರ ಸಾಲದಲ್ಲೂ ಇರಬಹುದು, ಇದ್ದರೆ ಹುಡುಕುವುದು ಕಷ್ಟವಲ್ಲ ಎಂಬ ಕಾರಣಕ್ಕೆ.

ಮೊದಲು ಸಾಲದ ವಿವರ. 2020ರ ಜನವರಿಯಲ್ಲಿ ಶಕ್ತಿನಗರದ ಕಡೆ ಒಂದು ಫ್ಲ್ಯಾಟಿಗೆ 25 ಲಕ್ಷ ಸಾಲ. ಅವಧಿ 20 ವರ್ಷ, 240 ಕಂತು. ಬಡ್ಡಿ ಶೇ. 8. ಕಂತು 20,911 ರೂಪಾಯಿ. ಬಡ್ಡಿ ಬದಲಾಗುವ ಬಗೆಯದು, ಅಂದರೆ ಫ್ಲೋಟಿಂಗ್. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಕೊಡುವ ಇಂಥ ಹೊಸ ಗೃಹಸಾಲದ ಬಡ್ಡಿಯನ್ನು ಹೊರಗಿನ ಒಂದು ದರಕ್ಕೆ ಕಟ್ಟಿಹಾಕಬೇಕು ಎಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿತ್ತು. ಹೆಚ್ಚಿನ ಬ್ಯಾಂಕುಗಳು ರೆಪೊ ದರಕ್ಕೆ, ಅಂದರೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ದರಕ್ಕೆ ಕಟ್ಟಿದವು. ಇವಳದ್ದೂ ಹಾಗೆಯೇ. ರೆಪೊ ಆಗ 5.15. ಅದರ ಮೇಲೆ ಬ್ಯಾಂಕಿನ ಪಾಲು 2.85, ಇದಕ್ಕೆ ಸ್ಪ್ರೆಡ್ ಎನ್ನುತ್ತಾರೆ. ಎರಡೂ ಸೇರಿ 8. ಮೂರು ತಿಂಗಳಿಗೊಮ್ಮೆ, ಅಂದರೆ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಕಿಗೆ, ರೆಪೊ ಎಷ್ಟಿದೆಯೋ ಅದಕ್ಕೆ ಸರಿಯಾಗಿ ಬಡ್ಡಿ ಬದಲಾಗಬೇಕು. ಮಂಜೂರಾತಿ ಪತ್ರದ ಎರಡನೇ ಪುಟದಲ್ಲಿ ಇದೆಲ್ಲ ಸ್ಪಷ್ಟವಾಗಿತ್ತು.

ಗಂಡ ಹಂಪನಕಟ್ಟೆಯ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾರೆ. ಕೊರೋನಾ ಬಂದಾಗ ಅಂಗಡಿ ಮುಚ್ಚಿ ಅವರ ಸಂಬಳ ನಿಂತಿತ್ತು. ಆದರೂ ಒಂದೇ ಒಂದು ಕಂತು ತಪ್ಪಲಿಲ್ಲ. ಬಳೆ ಅಡವಿಟ್ಟು ಕಟ್ಟಿದ್ದಳು ಎಂದು ನನಗೆ ಗೊತ್ತಾದದ್ದು ಈ ಪೇಪರ್‌ಗಳ ಮುಂದೆ ಕೂತಾಗಲೇ. ಬಡ್ಡಿ ಶೇ. 8ರಲ್ಲೇ ನಿಂತಿದ್ದರೆ 47 ಕಂತು ಕಟ್ಟಿದ ಮೇಲೆ 193 ಉಳಿಯಬೇಕಿತ್ತು. ಉಳಿದದ್ದು 454.

ಮಾರನೇ ದಿನ ಸಾಲದ ಪೂರ್ತಿ ಸ್ಟೇಟ್‌ಮೆಂಟ್ ಡೌನ್‌ಲೋಡ್ ಮಾಡಿಸಿದೆ. ಒಂದು ಶಾಲೆಯ ಪುಸ್ತಕ ತೆಗೆದುಕೊಂಡು ಪೆನ್ಸಿಲಿನಲ್ಲಿ ಗೆರೆ ಎಳೆದೆ. ಒಂದು ಕಡೆ ತಾರೀಕು, ಅದರ ಪಕ್ಕ ಬ್ಯಾಂಕ್ ಹಾಕಿದ ಬಡ್ಡಿದರ, ಅದರ ಪಕ್ಕ ಆ ದಿನದ ರೆಪೊ, ಕೊನೆಗೆ ಎರಡರ ವ್ಯತ್ಯಾಸ. ಇಷ್ಟೇ. ಕಂಪ್ಯೂಟರ್ ಬೇಡ, ಸೂತ್ರ ಬೇಡ. ಬರೀ ಕಳೆಯುವ ಲೆಕ್ಕ. ವ್ಯತ್ಯಾಸದ ಕಡೆ ಪ್ರತಿ ಸಾಲಿನಲ್ಲೂ 2.85 ಬಂದರೆ ಎಲ್ಲಾ ಸರಿ ಎಂದು ಅರ್ಥ.

ಮೊದಲ ಸಾಲಿನಲ್ಲಿ 2.85 ಬಂತು. ಎರಡನೆಯದು 2020ರ ಏಪ್ರಿಲ್ 1. ಮಾರ್ಚ್ 27ಕ್ಕೆ ರೆಪೊ 4.40ಕ್ಕೆ ಇಳಿದಿತ್ತು. ಬಡ್ಡಿ 7.25 ಆಗಬೇಕಿತ್ತು. ಬ್ಯಾಂಕ್ ಹಾಕಿದ್ದು 8.00. ವ್ಯತ್ಯಾಸ 3.60. ಮೂರನೆಯದು ಜುಲೈ 1. ಮೇ 22ಕ್ಕೆ ರೆಪೊ 4.00ಕ್ಕೆ ಬಂದಿತ್ತು. ಬಡ್ಡಿ 6.85 ಆಗಬೇಕು. ಬ್ಯಾಂಕ್ ಹಾಕಿದ್ದು ಮತ್ತೆ 8.00. ವ್ಯತ್ಯಾಸ 4.00. ಅಲ್ಲಿಂದ ಮುಂದೆ 4.00, 4.00, 4.00. ಎರಡು ವರ್ಷ ಒಂದೇ ಸಂಖ್ಯೆ.

ಇಷ್ಟಾದರೆ ಸಿಸ್ಟಮ್ ಎಲ್ಲೋ ಸಿಕ್ಕಿಕೊಂಡಿತ್ತು, ಬಡ್ಡಿ ಬದಲಾಗಲೇ ಇಲ್ಲ ಎನ್ನಬಹುದಿತ್ತು. ಆದರೆ 2022ರ ಮೇ ತಿಂಗಳಿಂದ ರೆಪೊ ಏರತೊಡಗಿತಲ್ಲ, ಆಗ ಸಿಸ್ಟಮ್ ಒಳ್ಳೆಯದಾಗಿಯೇ ಕೆಲಸ ಮಾಡಿದೆ! ಜುಲೈಯಲ್ಲಿ ರೆಪೊ 4.90, ಬಡ್ಡಿ 8.90. ಅಕ್ಟೋಬರಿನಲ್ಲಿ 5.90, ಬಡ್ಡಿ 9.90. 2023ರ ಜನವರಿಯಲ್ಲಿ 6.25, ಬಡ್ಡಿ 10.25. ಏಪ್ರಿಲ್‌ನಲ್ಲಿ 6.50, ಬಡ್ಡಿ 10.50. ಇಳಿದದ್ದು ಅವಳಿಗೆ ಸಿಗಲಿಲ್ಲ, ಏರಿದ್ದು ಒಂದು ಪೈಸೆ ಬಿಡದೆ ಸಿಕ್ಕಿತು. ನ್ಯಾಯವಾಗಿ ಆಗ ಇರಬೇಕಾದ ದರ 9.35.

ಶೇ. 1.15 ಎಂದರೆ ಕೇಳಲಿಕ್ಕೆ ಸಣ್ಣದು. ಅದು ಮಾಡುವ ಹಾನಿ ಸಣ್ಣದಲ್ಲ. ಕಂತು 20,911ರಲ್ಲೇ ನಿಂತಿದೆ. ಬಡ್ಡಿ ಜಾಸ್ತಿಯಾದರೆ ಅದೇ ಕಂತಿನೊಳಗೆ ಅಸಲಿನ ಪಾಲು ಕರಗುತ್ತದೆ. 2023ರ ಏಪ್ರಿಲ್ ಕಂತಿನಲ್ಲಿ ಅಸಲಿಗೆ ಹೋದದ್ದು 371 ರೂಪಾಯಿ. ಸರಿಯಾದ ದರ ಹಾಕಿದ್ದರೆ ಅದೇ ಕಂತಿನಲ್ಲಿ 3,323 ಹೋಗುತ್ತಿತ್ತು. ಡಿಸೆಂಬರ್ ಕೊನೆಗೆ ಬಾಕಿ ಇರಬೇಕಾದದ್ದು 22 ಲಕ್ಷ 26 ಸಾವಿರ, ಬಾಕಿ ಕಂತು 228. ಅಂದರೆ ಹೆಚ್ಚು ಹೋದ ಹಣ ಸುಮಾರು 1 ಲಕ್ಷ 17 ಸಾವಿರ, ಹೆಚ್ಚು ಬಿದ್ದ ಕಂತು 226. ಕಂತಿನ ಮೊತ್ತ ಬದಲಾಗದ ಕಾರಣ ಅವಳಿಗೆ ಏನೂ ಗೊತ್ತಾಗಲಿಲ್ಲ. ಸಂಬಳದ ಖಾತೆಯಿಂದ ಪ್ರತಿ ತಿಂಗಳು ಅದೇ 20,911 ಹೋಗುತ್ತಿತ್ತು. ಕಂತು ಹೆಚ್ಚಾದರೆ ಜನ ಮಾರನೇ ದಿನವೇ ಬ್ಯಾಂಕಿಗೆ ಹೋಗಿ ಕೇಳುತ್ತಾರೆ. ಅವಧಿ ಹೆಚ್ಚಾದರೆ ಯಾರೂ ಕೇಳುವುದಿಲ್ಲ, ಯಾಕೆಂದರೆ ಅದು ಕಾಣುವುದೇ ಇಲ್ಲ.

ಈ ಸಲ ಕಂಡದ್ದು ಒಂದು ಸುತ್ತೋಲೆಯಿಂದ. 2023ರ ಆಗಸ್ಟ್ 18ರಂದು ರಿಸರ್ವ್ ಬ್ಯಾಂಕ್, ಕಂತಿನ ಸಾಲಗಳಿಗೆ ಮೂರು ತಿಂಗಳಿಗೊಮ್ಮೆ ಲೆಕ್ಕ ಕೊಡಬೇಕು ಎಂದು ಹೇಳಿತು. ಅಸಲಿಗೆ ಎಷ್ಟು, ಬಡ್ಡಿಗೆ ಎಷ್ಟು, ಎಷ್ಟು ಕಂತು ಬಾಕಿ, ವಾರ್ಷಿಕ ದರ ಎಷ್ಟು, ಎಲ್ಲಾ ಇರಬೇಕು. ಹಳೆಯ ಸಾಲಗಳಿಗೂ ಆ ಡಿಸೆಂಬರ್ 31ರೊಳಗೆ ಅನ್ವಯಿಸಬೇಕು ಎಂದಿತ್ತು. ತಂಗಿಯ ಕೈಗೆ ಬಂದದ್ದು ಆ ಮೊದಲ ಲೆಕ್ಕ. ನಿಮಗೂ ಬರುತ್ತಿರಬಹುದು. ದಯವಿಟ್ಟು ತೆರೆದು ನೋಡಿ.

ಜನವರಿ 10ಕ್ಕೆ ಇಬ್ಬರೂ ಶಾಖೆಗೆ ಹೋದೆವು. ಮ್ಯಾನೇಜರ್ ಚಿಕ್ಕ ವಯಸ್ಸಿನವರು, ಮರ್ಯಾದೆಯಿಂದಲೇ ಕೂರಿಸಿದರು. “ರೆಪೊ ಏರಿದೆಯಲ್ಲ ಮೇಡಂ, ಎಲ್ಲರಿಗೂ ಹೀಗೆಯೇ” ಎಂದರು. ನಾನು ಪುಸ್ತಕ ತೋರಿಸಿದೆ. ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಒಂದು ಫಾರ್ಮ್ ತೆಗೆದರು. ಇದಕ್ಕೆ ಸಹಿ ಹಾಕಿ 5,900 ರೂಪಾಯಿ ಕಟ್ಟಿದರೆ ಇವತ್ತಿನಿಂದಲೇ ಕಡಿಮೆ ಸ್ಪ್ರೆಡ್‌ಗೆ ಬದಲಿಸಿಕೊಡುತ್ತೇನೆ ಎಂದರು. ತಂಗಿ ಪೆನ್ನು ಎತ್ತಿಯೇ ಬಿಟ್ಟಿದ್ದಳು. ನಾನು ಕೈ ಹಿಡಿದೆ.

ಆ ಫಾರ್ಮಿನಲ್ಲಿ, ಈವರೆಗೆ ಹಾಕಿದ ಬಡ್ಡಿಗೆ ತನ್ನ ತಕರಾರಿಲ್ಲ ಎಂಬ ಒಂದು ಸಾಲು ಇತ್ತು. ಸಹಿ ಹಾಕಿದ್ದರೆ ಮುಂದಿನದು ಸರಿಯಾಗುತ್ತಿತ್ತು, ಹಿಂದಿನ ಲಕ್ಷ ರೂಪಾಯಿಯ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅವಳಿಗೆ ಕೊಡಲೇಬೇಕಾದ ದರವನ್ನು ಅವಳಿಗೇ ಶುಲ್ಕ ತೆಗೆದುಕೊಂಡು ಕೊಡುವುದು ನನಗೆ ತುಂಬ ನೋವು ತಂದಿತು. ಆ ಹುಡುಗನಿಗೆ ಕೆಟ್ಟ ಮನಸ್ಸು ಇರಲಿಲ್ಲ ಎಂದೇ ನಾನು ನಂಬುತ್ತೇನೆ. ಅವರಿಗೆ ಗೊತ್ತಿದ್ದ ದಾರಿ ಅದೊಂದೇ. ಆದರೆ ತಕರಾರು ಬಗೆಹರಿಯುವ ಮೊದಲು ಇಂಥ ಬದಲಾವಣೆಯ ಕಾಗದಕ್ಕೆ ಸಹಿ ಹಾಕಬೇಡಿ. ಇದನ್ನು ನಾನು ಎಷ್ಟು ಸಲ ಬೇಕಾದರೂ ಹೇಳಲು ತಯಾರು.

ನಮ್ಮ ಊರಿನ ಒಂದು ವಿಷಯ ಇಲ್ಲಿ ಹೇಳಬೇಕು. ಬ್ಯಾಂಕ್ ಎಂದರೆ ನಮಗೆ ಮನೆಯ ಹಾಗೆ. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮಂಗಳೂರಿನಲ್ಲಿ ಕೆನರಾ ಬ್ಯಾಂಕಿನ ಬೀಜ ಹಾಕಿದರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕ್ ಶುರುಮಾಡಿದರು. ಆಮೇಲೆ ಕರ್ಣಾಟಕ ಬ್ಯಾಂಕ್, ಸಿಂಡಿಕೇಟ್, ವಿಜಯಾ. 1928ರಿಂದ ಪಿಗ್ಮಿಯವರು ಮನೆ ಬಾಗಿಲಿಗೆ ಬಂದು ನಾಲ್ಕಾಣೆ ಎಂಟಾಣೆ ಕೂಡಿಸಿಕೊಂಡು ಹೋದರು. ಈ ಪ್ರಕರಣದಲ್ಲಿ ಇವುಗಳ ಕಡೆ ಬೆರಳು ತೋರಿಸುತ್ತಿಲ್ಲ. ಹೇಳುವುದು ಇಷ್ಟು: ಬ್ಯಾಂಕಿನವರ ಲೆಕ್ಕ ತಪ್ಪುವುದಿಲ್ಲ ಎಂಬ ನಂಬಿಕೆ ನಮ್ಮ ರಕ್ತದಲ್ಲೇ ಇದೆ. ತಂಗಿಯ ಅಮ್ಮ ಕೂಡ “ಬ್ಯಾಂಕಿನವರೊಟ್ಟಿಗೆ ಎಂತ ಜಗಳ ಮಗಾ” ಎಂದಿದ್ದರು. ನಾವು ಲೆಡ್ಜರ್ ಬರೆಯುತ್ತಿದ್ದ ಕಾಲದಲ್ಲಿ ಒಬ್ಬರು ಹಾಕಿದ ಬಡ್ಡಿಯನ್ನು ಇನ್ನೊಬ್ಬರು ಮತ್ತೆ ಲೆಕ್ಕ ಹಾಕಿ ಕೆಂಪು ಶಾಯಿಯಲ್ಲಿ ಟಿಕ್ ಮಾಡುತ್ತಿದ್ದೆವು. ತಪ್ಪು ಆಗುತ್ತಿತ್ತು, ಆದರೆ ಸಿಗುತ್ತಿತ್ತು. ಕಂಪ್ಯೂಟರಿನಲ್ಲಿ ಒಮ್ಮೆ ತಪ್ಪಾಗಿ ಕೂತದ್ದನ್ನು ಯಾರಾದರೂ ಕೇಳುವವರೆಗೆ ಯಾರೂ ನೋಡುವುದಿಲ್ಲ.

ದೂರು ಬರೆಯಲು ಕೂತಾಗ ತಂಗಿ ತಾನೇ ಬರೆದುಕೊಂಡು ಬಂದ ನಾಲ್ಕು ಪುಟ ತೋರಿಸಿದಳು. ಅದರಲ್ಲಿ ಬಳೆ ಇತ್ತು, ಕೊರೋನಾ ಇತ್ತು, ಕಣ್ಣೀರು ಇತ್ತು. “ನಿಮ್ಮ ಬ್ಯಾಂಕಿನ ಬಡ್ಡಿ ತುಂಬಾ ಜಾಸ್ತಿ, ಕಡಿಮೆ ಮಾಡಿ” ಎಂದು ಕೊನೆಗೆ ಬರೆದಿದ್ದಳು. ಆ ಒಂದು ವಾಕ್ಯ ಇದ್ದರೆ ಇಡೀ ದೂರು ಸೋಲುತ್ತಿತ್ತು. ಬಡ್ಡಿ ಎಷ್ಟಿರಬೇಕು ಎನ್ನುವುದು ಬ್ಯಾಂಕಿನ ವ್ಯಾಪಾರದ ತೀರ್ಮಾನ. ಅಂಥ ತೀರ್ಮಾನದ ಮೇಲಿನ ದೂರನ್ನು ಒಂಬುಡ್ಸ್‌ಮನ್, ಅಂದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಅಧಿಕಾರಿ, ತೆಗೆದುಕೊಳ್ಳುವುದಿಲ್ಲ, ಅವರ ಯೋಜನೆಯಲ್ಲೇ ಹಾಗೆ ಬರೆದಿದೆ. ಆದರೆ ಒಪ್ಪಂದದಲ್ಲಿ 2.85 ಎಂದು ಬರೆದು ಖಾತೆಯಲ್ಲಿ 4.00 ಹಾಕಿದ್ದು ವ್ಯಾಪಾರದ ತೀರ್ಮಾನ ಅಲ್ಲ. ಅದು ಸೇವೆಯ ಲೋಪ. ಬಡ್ಡಿ ಜಾಸ್ತಿ ಎಂದು ಹೇಳಬಾರದು, ಮಾತು ಕೊಟ್ಟದ್ದಕ್ಕಿಂತ ಜಾಸ್ತಿ ಎಂದು ಹೇಳಬೇಕು. ದೂರು ನಿಲ್ಲುವುದೂ ಬೀಳುವುದೂ ಇಲ್ಲಿಯೇ.

ನಾಲ್ಕು ಪುಟ ಒಂದು ಪುಟವಾಯಿತು. ಸಾಲದ ನಂಬರು, ಮಂಜೂರಾತಿ ಪತ್ರದ ತಾರೀಕು, ಅದರಲ್ಲಿನ ಸ್ಪ್ರೆಡ್‌ನ ಸಾಲು ಹಾಗೆಯೇ ಎತ್ತಿ ಬರೆದದ್ದು, ಪುಸ್ತಕದ ಪಟ್ಟಿಯ ಪ್ರತಿ. ಕೇಳಿದ್ದು ಎರಡೇ: 2020ರ ಏಪ್ರಿಲ್ 1ರಿಂದ ಸರಿಯಾದ ದರದಲ್ಲಿ ಖಾತೆಯನ್ನು ಮತ್ತೆ ಲೆಕ್ಕ ಹಾಕಿ. ಸ್ಪ್ರೆಡ್ ಬದಲಾಗಿದೆ ಎನ್ನುವುದಾದರೆ ಯಾವ ದಿನ, ಯಾವ ಆದೇಶದಂತೆ ಎಂದು ಲಿಖಿತವಾಗಿ ತಿಳಿಸಿ. ಜನವರಿ 18ಕ್ಕೆ ಶಾಖೆಯಲ್ಲಿ ಕೊಟ್ಟು, ನಮ್ಮ ಪ್ರತಿಯ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಂಡೆವು. ಅದೇ ದಿನ ಬ್ಯಾಂಕಿನ ವೆಬ್‌ಸೈಟಿನಲ್ಲೂ ದಾಖಲಿಸಿ ನಂಬರು ಪಡೆದೆವು. ಆ ಸೀಲಿನ ತಾರೀಕೇ ಮುಂದಿನ ಎಲ್ಲದರ ಬುನಾದಿ. ಬಾಯಿಮಾತಿನ ದೂರಿಗೆ ತಾರೀಕಿಲ್ಲ.

ಫೆಬ್ರವರಿ 12ಕ್ಕೆ ಉತ್ತರ ಬಂತು. “ನಿಮ್ಮ ಸಾಲಕ್ಕೆ ರಿಸರ್ವ್ ಬ್ಯಾಂಕ್ ಮಾರ್ಗಸೂಚಿ ಮತ್ತು ಬ್ಯಾಂಕಿನ ನೀತಿಯಂತೆ ಬಡ್ಡಿ ವಿಧಿಸಲಾಗಿದೆ. ದೂರನ್ನು ಮುಕ್ತಾಯಗೊಳಿಸಲಾಗಿದೆ.” ಎರಡೇ ಸಾಲು. 2.85ರ ಮಾತೇ ಇಲ್ಲ. ತಂಗಿ ಕುಸಿದು ಕೂತಳು. ನನಗೆ ಮಾತ್ರ ಸಮಾಧಾನವೇ ಆಯಿತು. ಒಂಬುಡ್ಸ್‌ಮನ್ ಬಳಿ ಹೋಗಲು ಬ್ಯಾಂಕಿನ ಉತ್ತರ ತೃಪ್ತಿ ತರದಿರಬೇಕು, ಇಲ್ಲವೇ 30 ದಿನ ಕಳೆದರೂ ಉತ್ತರ ಬಾರದಿರಬೇಕು. ನಮ್ಮ ಕೈಯಲ್ಲಿ ಈಗ ಲಿಖಿತ ತಿರಸ್ಕಾರ ಇತ್ತು. ಬ್ಯಾಂಕಿನೊಳಗೇ ಒಬ್ಬ ಆಂತರಿಕ ಒಂಬುಡ್ಸ್‌ಮನ್ ಇರುತ್ತಾರೆ, ತಿರಸ್ಕರಿಸುವ ದೂರನ್ನು ಬ್ಯಾಂಕೇ ಅವರ ಮುಂದಿಡಬೇಕು. ಗ್ರಾಹಕರು ಅವರ ಬಳಿ ನೇರವಾಗಿ ಹೋಗುವಂತಿಲ್ಲ.

ನಾವು ಹೋದಾಗ ಇದ್ದದ್ದು 2021ರ ನವೆಂಬರ್ 12ರಂದು ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ಸಮಗ್ರ ಒಂಬುಡ್ಸ್‌ಮನ್ ಯೋಜನೆ. ಶುಲ್ಕ ಇಲ್ಲ. ವಕೀಲರು ಬೇಡ. ಸಿಎಂಎಸ್ ಎಂಬ ಪೋರ್ಟಲ್‌ನಲ್ಲಿ ದಾಖಲಿಸಬಹುದು, ಕಂಪ್ಯೂಟರ್ ಬಾರದವರು ಚಂಡೀಗಢದ ರಿಸರ್ವ್ ಬ್ಯಾಂಕ್ ಕಚೇರಿಗೆ ಅಂಚೆಯಲ್ಲೂ ಕಳಿಸಬಹುದು. 14448ಕ್ಕೆ ಫೋನ್ ಮಾಡಿದರೆ ಮಾಹಿತಿ ಸಿಗುತ್ತದೆ. ಬ್ಯಾಂಕಿನ ಉತ್ತರ ಬಂದ ಒಂದು ವರ್ಷದೊಳಗೆ ಹೋಗಬೇಕು ಎಂದು ಆಗ ನಿಯಮವಿತ್ತು. ಅದೇ ವಿಷಯ ಗ್ರಾಹಕರ ಆಯೋಗದಲ್ಲೋ ಕೋರ್ಟಿನಲ್ಲೋ ಇರಬಾರದು. ಫೆಬ್ರವರಿ 20ಕ್ಕೆ ನಮ್ಮ ಹಾಲಿನಲ್ಲೇ ಕೂತು ದಾಖಲಿಸಿದೆವು. ಮಂಜೂರಾತಿ ಪತ್ರ, ಸ್ಟೇಟ್‌ಮೆಂಟ್, ಪಟ್ಟಿ, ಸೀಲಿನ ಪ್ರತಿ, ಎರಡು ಸಾಲಿನ ಉತ್ತರ, ಎಲ್ಲಾ ಸೇರಿಸಿ.

ಈಗ ಬ್ಯಾಂಕ್ ಬೇರೆ ಮಾತಾಡಿತು. ನೀತಿಯಂತೆ ಸ್ಪ್ರೆಡ್ ಪರಿಷ್ಕರಿಸಲಾಗಿದೆ ಎಂದು ಬರೆದರು. ಇಷ್ಟು ದಿನ ಹೇಳದಿದ್ದ ಈ ಮಾತೇ ನಮಗೆ ಬೇಕಿತ್ತು. ಯಾಕೆಂದರೆ ಸ್ಪ್ರೆಡ್ ಮನಸ್ಸಿಗೆ ಬಂದಂತೆ ಬದಲಿಸಲಾಗದು. ಸಾಲಗಾರರ ಅರ್ಹತೆಯ ಅಂದಾಜು ಗಣನೀಯವಾಗಿ ಬದಲಾದರೆ ಮಾತ್ರ ಸ್ಪ್ರೆಡ್‌ನೊಳಗಿನ ಅಪಾಯದ ಪಾಲನ್ನು, ಅಂದರೆ ಸಾಲ ಮರಳಿ ಬಾರದೆ ಹೋದೀತು ಎಂದು ಸೇರಿಸಿದ್ದನ್ನು, ಬದಲಿಸಬಹುದು. ಖರ್ಚು ಇತ್ಯಾದಿ ಉಳಿದ ಪಾಲನ್ನು ಮೂರು ವರ್ಷಕ್ಕೊಮ್ಮೆ ಬದಲಿಸಬಹುದು ಎಂಬುದು ಆಗಿನ ನಿಯಮ. ತಂಗಿಯ ಒಂದು ಕಂತೂ ತಪ್ಪಿಲ್ಲ. ಸಾಲ ಕೊಟ್ಟು ಆರು ತಿಂಗಳಿಗೆ ಸ್ಪ್ರೆಡ್ 4.00 ಆಗಿದೆ. ಮೂರು ವರ್ಷ ಎಲ್ಲಿ, ಆರು ತಿಂಗಳು ಎಲ್ಲಿ? ಇದನ್ನು ಐದು ಸಾಲಿನಲ್ಲಿ ಬರೆದು ಕಳಿಸಿದೆವು. ಮೂರು ವರ್ಷಕ್ಕಿಂತ ಹಿಂದಿನ ಹಣಕ್ಕೆ ಕಾಲಮಿತಿ ಮೀರಿದೆ ಎಂದೂ ಅವರು ಸೂಚಿಸಿದ್ದರು. ತಪ್ಪು ಗೊತ್ತಾದದ್ದೇ ಈ ಜನವರಿಯ ಸ್ಟೇಟ್‌ಮೆಂಟಿನಿಂದ, ತಪ್ಪು ತಿಳಿದ ದಿನದಿಂದ ಕಾಲ ಎಣಿಸಬೇಕು ಎಂದೆವು. ಅವರು ಆ ವಾದವನ್ನು ಮತ್ತೆ ಎತ್ತಲಿಲ್ಲ. ಆದರೂ ಇದೊಂದು ಎಚ್ಚರಿಕೆ. ಗೊತ್ತಾದ ಮೇಲೆ ಸುಮ್ನೆ ಕೂರಬೇಡಿ.

ಮಾರ್ಚ್ ಕೊನೆಗೆ ಶಾಖೆಯಿಂದ ಫೋನ್. ತಪ್ಪು ಒಪ್ಪಿದರು. 2020ರಲ್ಲಿ ಖಾತೆ ತೆರೆಯುವಾಗ ಆರಂಭದ 8ನ್ನು ಕನಿಷ್ಠ ದರ ಎಂದು ಯಾರೋ ತುಂಬಿದ್ದರಂತೆ. ಅದಕ್ಕಿಂತ ಕೆಳಗೆ ಸಿಸ್ಟಮ್ ಇಳಿಸಲಿಲ್ಲ. ಏರುವಾಗ ಆ ಎಂಟರ ಮೇಲೆಯೇ ಕೂಡಿಸುತ್ತಾ ಹೋಯಿತು. ಡಿಸೆಂಬರ್‌ವರೆಗಿನ ಲೆಕ್ಕಕ್ಕೆ 1 ಲಕ್ಷ 1 ಸಾವಿರ ಜಮಾ ಮಾಡುತ್ತೇವೆ, ದೂರು ಹಿಂದೆ ತೆಗೆದುಕೊಳ್ಳಿ ಎಂದರು.

ನಮ್ಮ ಲೆಕ್ಕ 1 ಲಕ್ಷ 17 ಸಾವಿರ. 16 ಸಾವಿರದ ವ್ಯತ್ಯಾಸ ಎಲ್ಲಿಂದ ಬಂತು ಎಂದು ನೋಡಿದಾಗ ಅರ್ಥವಾಯಿತು. ಅವರು ಪ್ರತಿ ತಿಂಗಳು ಹೆಚ್ಚು ತೆಗೆದ ಬಡ್ಡಿಯನ್ನು ಸುಮ್ಮನೆ ಕೂಡಿಸಿದ್ದರು. ಆದರೆ ಆ ಹಣ ಅಸಲಿಗೆ ಹೋಗಬೇಕಿತ್ತು. ಹೋಗದ ಕಾರಣ ಅಸಲು ದೊಡ್ಡದಾಗಿ ಉಳಿಯಿತು, ಆ ಉಳಿದ ಅಸಲಿನ ಮೇಲೂ ಬಡ್ಡಿ ಬಿತ್ತು. ಹಾಗಾಗಿ ಕೂಡಿಸಿ ಕೊಟ್ಟರೆ ಸಾಲದು. ತಪ್ಪು ಶುರುವಾದ ದಿನಕ್ಕೆ ಹೋಗಿ, ಅಲ್ಲಿಂದ ಖಾತೆಯನ್ನು ಮತ್ತೆ ಓಡಿಸಬೇಕು. ತಂಗಿಗೆ ಒಪ್ಪಿಬಿಡುವ ಮನಸ್ಸಿತ್ತು. “ಲಕ್ಷ ಸಿಗ್ತದಲ್ಲ ಅಕ್ಕಾ, ಸಾಕು.” ನಾನು ಒತ್ತಾಯ ಮಾಡಲಿಲ್ಲ. ಎರಡು ದಿನ ಬಿಟ್ಟು ಅವಳೇ ಬಂದಳು. “16 ಸಾವಿರ ಅಂದ್ರೆ ನನ್ನ ಎಷ್ಟು ನೈಟ್ ಡ್ಯೂಟಿ ಗೊತ್ತುಂಟಾ? ಬರೆಯುವ.” ಬರೆದೆವು.

ಅಷ್ಟರಲ್ಲಿ ಏಪ್ರಿಲ್ 29ಕ್ಕೆ ರಿಸರ್ವ್ ಬ್ಯಾಂಕಿನ ಇನ್ನೊಂದು ಸುತ್ತೋಲೆ. ಸಾಲದ ಹಣ ಕೊಡುವ ಮೊದಲೇ ಬಡ್ಡಿ ಎಣಿಸುವುದು, ಚೆಕ್ಕಿನ ತಾರೀಕಿನಿಂದ ಬಡ್ಡಿ ಹಾಕಿ ಚೆಕ್ಕನ್ನು ದಿನಗಳ ನಂತರ ಕೊಡುವುದು, ಇಂಥವು ತಪಾಸಣೆಯಲ್ಲಿ ಕಂಡುಬಂದಿವೆ, ಇದು ನ್ಯಾಯವಲ್ಲ, ಸರಿಪಡಿಸಿ ಎಂದು. ಓದಿದ ಕೂಡಲೇ ತಂಗಿಯ ಸಾಲದ ಪೇಪರ್‌ಗಳ ಮೊದಲ ಪುಟ ನೆನಪಾಯಿತು. ಡಿಡಿಯ ತಾರೀಕು 2020ರ ಜನವರಿ 3. ಅದು ಮಾರಿದವರ ಕೈಗೆ ಹೋದದ್ದು ನೋಂದಣಿಯ ದಿನ, ಜನವರಿ 14. ಬಡ್ಡಿ ಬಿದ್ದದ್ದು 3ರಿಂದ. 25 ಲಕ್ಷಕ್ಕೆ 11 ದಿನದ ಬಡ್ಡಿ 6,027 ರೂಪಾಯಿ. ಅದನ್ನು ಮೊದಲು ಬ್ಯಾಂಕಿಗೇ ಬೇರೆ ಪತ್ರವಾಗಿ ಕೊಟ್ಟೆವು. ಅದಕ್ಕೆ ಅವರು ತಕರಾರು ಮಾಡಲಿಲ್ಲ, ಉಳಿತಾಯ ಖಾತೆಗೆ ಬಂತು.

ಮುಖ್ಯ ವಿಷಯ ಒಂಬುಡ್ಸ್‌ಮನ್ ಕಚೇರಿಯ ಮಧ್ಯಸ್ಥಿಕೆಯಲ್ಲೇ ರಾಜಿಯಾಯಿತು. ಬ್ಯಾಂಕ್ ಖಾತೆಯನ್ನು 2020ರ ಏಪ್ರಿಲ್ 1ರಿಂದ ಮತ್ತೆ ಓಡಿಸಿತು. ದರ 9.35ಕ್ಕೆ ಬಂತು. ಮೇ 31ಕ್ಕೆ ಬಾಕಿ 23 ಲಕ್ಷ 42 ಸಾವಿರದಿಂದ 22 ಲಕ್ಷ 8 ಸಾವಿರಕ್ಕೆ ಇಳಿಯಿತು. ಒಟ್ಟು 1 ಲಕ್ಷ 33 ಸಾವಿರಕ್ಕೂ ಮೇಲೆ, ಯಾಕೆಂದರೆ ದೂರು ನಡೆಯುತ್ತಿದ್ದ ಐದು ತಿಂಗಳೂ ಹೆಚ್ಚು ಬಡ್ಡಿ ಹೋಗುತ್ತಲೇ ಇತ್ತು. ಮಾನಸಿಕ ತೊಂದರೆಗೆ ನಾವು 25 ಸಾವಿರ ಕೇಳಿದ್ದೆವು. ಅದು ಸಿಗಲಿಲ್ಲ. ಯೋಜನೆಯಲ್ಲಿ ಅದಕ್ಕೆ 1 ಲಕ್ಷದವರೆಗೆ ಅವಕಾಶ ಇತ್ತು. ರಾಜಿಗೆ ಒಪ್ಪದೆ ಮುಂದುವರಿಯಬಹುದಿತ್ತು. ತಂಗಿ ಸಾಕು ಎಂದಳು. ನನಗೆ ಈಗಲೂ ಅದು ಸಿಗಬೇಕಿತ್ತು ಎಂದೇ ಅನಿಸುತ್ತದೆ. ನಾಲ್ಕು ವರ್ಷದ ನಿದ್ದೆಗೆ ಬೆಲೆ ಇಲ್ಲ ಎನ್ನಲಾದೀತೇ?

ಜೂನ್‌ನಲ್ಲಿ ಬಾಕಿ ಕಂತು 223. ಸಿಕ್ಕಿದ ಧೈರ್ಯದಲ್ಲಿ ಕಂತಿಗೆ 2,000 ಸೇರಿಸಿ 22,911 ಕಟ್ಟತೊಡಗಿದಳು. ಈ ದರವೇ ಇದ್ದರೂ 180 ಕಂತಿಗೆ ಮುಗಿಯುತ್ತದೆ. ಆಗ ಅವಳಿಗೆ 59.

ಪೆನ್ಸಿಲಿನ ಗೆರೆಯ ಪುಸ್ತಕ ಈಗ ಅವಳ ಬಳಿ ಇದೆ. 2025ರ ಫೆಬ್ರವರಿಯಿಂದ ರೆಪೊ ಮತ್ತೆ ಇಳಿಯಲು ಶುರುವಾಯಿತು. ಏಪ್ರಿಲ್ 1ಕ್ಕೆ ಅವಳ ದರ 9.10 ಆಯಿತು. ಜೂನ್‌ನಲ್ಲಿ ರೆಪೊ 5.50ಕ್ಕೆ ಬಂತು. ಜುಲೈ ಮೊದಲ ವಾರ ಡ್ಯೂಟಿಗೆ ಹೊರಟವಳು ಮೆಟ್ಟಿಲಿನಿಂದಲೇ ಕೂಗಿದಳು. “ಅಕ್ಕಾ, 8.35 ಬಂದಿದೆ. ಸರಿ ಉಂಟಲ್ವಾ?”

ಕೂಡಿಸಿ ನೋಡಿದೆ. ಸರಿ ಇತ್ತು.